ಹಿಕರಿ ಎಂದುಕೊಂಡ ಮರ ಹಿಕರಿ ಹೌದೋ ಅಲ್ಲವೋ: ತಪ್ಪು ಎಲ್ಲಾಯಿತು ಎಂದು ಹುಡುಕುವ ಕೈಪಿಡಿ

ನಾವು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದ ಎರಡನೇ ವರ್ಷದ ನವರಾತ್ರಿ. ಅಮ್ಮ ಊರಿನಿಂದ ಬಂದಿದ್ದರು. ಮನೆ ಹಿಂದಿನ ಕಾಡಿನ ದಾರಿಯಲ್ಲಿ ನಡೆಯುತ್ತಿದ್ದಾಗ ಕಾಲ ಕೆಳಗೆ ಕಾಯಿಗಳು ಚಟಪಟ ಎಂದವು. ನೋಡಿದರೆ ಹೊರಸಿಪ್ಪೆ ನಾಲ್ಕಾಗಿ ಬಿರಿದಿತ್ತು. ಹಿಕರಿ ಇಲ್ಲಿನ ಕಾಡಿನ ಮರ, ವಾಲ್‌ನಟ್ ಕುಟುಂಬದ್ದು. ಅದರ ಕಾಯಿ ನಾಲ್ಕು ಹೋಳಾಗುತ್ತದೆ ಎಂದು ಓದಿದ್ದು ನನಗೆ ನೆನಪಿತ್ತು. ಒಂದು ಚೀಲ ಆರಿಸಿ ತಂದೆವು. ಚಿಪ್ಪು ತೆಳುವಾಗಿತ್ತು, ಸುಲಭವಾಗಿ ಒಡೆಯಿತು. ಅಮ್ಮ ತಿರುಳನ್ನು ರುಬ್ಬಿ, ತೆಂಗಿನಹಾಲು, ಬೆಲ್ಲ ಹಾಕಿ ಪಾಯಸ ಮಾಡಿದರು. ನೈವೇದ್ಯಕ್ಕೆ ಇಡುವುದಾದ್ದರಿಂದ ಯಾರೂ ರುಚಿ ನೋಡಲಿಲ್ಲ.

ಮಂಗಳಾರತಿ ಆದ ಮೇಲೆ ಮೊದಲ ಚಮಚಕ್ಕೇ ಗೊತ್ತಾಯಿತು. ಒಗರು ಬೆರೆತ ಕಹಿ. ಎಷ್ಟು ಬೆಲ್ಲ ಹಾಕಿದರೂ ಹೋಗದ ಕಹಿ. ಮರ ಹಿಕರಿಯೇ ಆಗಿತ್ತು, ಆದರೆ ಬಿಟರ್‌ನಟ್ ಹಿಕರಿ. ಅದರ ತಿರುಳನ್ನು ಅಳಿಲುಗಳೇ ಬೇರೆ ಕಾಯಿ ಸಿಗದಿದ್ದರೆ ಮಾತ್ರ ತಿನ್ನುತ್ತವೆ.

ಆಮೇಲೆ ನಾನು ಕಲಿತದ್ದು ಇಷ್ಟು. ಮನೆಯಲ್ಲಿ ಕರೆಂಟು ಹೋದರೆ ಮೊದಲು ಫ್ಯೂಸ್ ನೋಡುತ್ತೇವೆ, ಆಮೇಲೆ ಸ್ವಿಚ್, ಆಮೇಲೆ ಬಲ್ಬು. ಮರ ಗುರುತಿಸುವಾಗ ಮಾತ್ರ ಕಣ್ಣಿಗೆ ಮೊದಲು ಬಿದ್ದ ತೊಗಟೆಯನ್ನೋ ಕಾಯನ್ನೋ ಹಿಡಿದು ತೀರ್ಮಾನ ಮಾಡಿಬಿಡುತ್ತೇವೆ. ಹಿಕರಿಗೂ ಒಂದು ಫ್ಯೂಸ್ ಇದೆ: ಕಡ್ಡಿಯ ಮೇಲೆ ಎಲೆ ಜೋಡಿಸಿಕೊಂಡಿರುವ ರೀತಿ. ಗುರುತು ತಪ್ಪಿದೆ ಅನ್ನಿಸಿದಾಗೆಲ್ಲ ಅಲ್ಲಿಂದ ಶುರು ಮಾಡಿ. ತೊಗಟೆ ಕೊನೆಗೆ ಬರಲಿ.

ಕಾಡಿಗೆ ಇಳಿಯುವ ಮುಂಚೆ ಎರಡು ಮಾತು. ಇಲ್ಲಿನ ಕಾಡಿನಲ್ಲಿ ರಕ್ತ ಹೀರುವ ಉಣ್ಣಿ ಹುಳ ಜಾಸ್ತಿ, ಅವು ಲೈಮ್ ಕಾಯಿಲೆ ತರುತ್ತವೆ. ಉದ್ದ ಪ್ಯಾಂಟು ಹಾಕಿ, ಮನೆಗೆ ಬಂದ ಮೇಲೆ ಮೈಯೆಲ್ಲ ನೋಡಿಕೊಳ್ಳಿ. ಇನ್ನೊಂದು, ಮರದ ಬುಡದಲ್ಲಿ ಕೂದಲು ಕೂದಲಾದ ಹಗ್ಗದಂಥ ಬಳ್ಳಿ ಹತ್ತಿದ್ದರೆ ಅದು ಪಾಯ್ಸನ್ ಐವಿ. ಎಲೆ ಉದುರಿದ ಚಳಿಗಾಲದಲ್ಲೂ ಅದನ್ನು ಮುಟ್ಟಿದರೆ ಚರ್ಮ ಬೊಬ್ಬೆ ಏಳುತ್ತದೆ. ಅಂಥ ಮರದ ತೊಗಟೆ ಮೇಲೆ ಕೈ ಇಡಬೇಡಿ.

ತೊಂದರೆ: ಎಲೆ ಎಣಿಸಿದೆ, ಲೆಕ್ಕ ಕೂಡುತ್ತಿಲ್ಲ

ಮುಕ್ಕಾಲು ಪಾಲು ಗೊಂದಲ ಇಲ್ಲಿಂದಲೇ ಹುಟ್ಟುತ್ತದೆ. ಹಿಕರಿಯ ಎಲೆ ಒಂದೇ ಹಾಳೆಯ ಎಲೆ ಅಲ್ಲ. ಕರಿಬೇವಿನ ಒಂದು ಎಸಳನ್ನು ನೆನಪಿಸಿಕೊಳ್ಳಿ. ಒಗ್ಗರಣೆಗೆ ಬಿಡಿಸಿ ಹಾಕುವ ಚಿಕ್ಕ ಚಿಕ್ಕ ತುಂಡುಗಳನ್ನು ನಾವು ಎಲೆ ಎನ್ನುತ್ತೇವೆ. ಆದರೆ ಗಿಡದ ಲೆಕ್ಕದಲ್ಲಿ ಇಡೀ ಎಸಳೇ ಒಂದು ಎಲೆ, ಆ ತುಂಡುಗಳು ಕಿರುಎಲೆಗಳು. ಎಲೆ ಎಲ್ಲಿ ಮುಗಿಯುತ್ತದೆ, ಕಡ್ಡಿ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ಮೊಗ್ಗು ಹುಡುಕಿ. ಎಲೆಯ ದಂಟು ಕಡ್ಡಿಗೆ ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಮೊಗ್ಗು ಇರುವುದಿಲ್ಲ.

ನೋಡಲು ಹಿಕರಿ ಎಲೆಗೆ ಹತ್ತಿರವಾದದ್ದು ನಮ್ಮ ಹೊಂಗೆ ಎಲೆ. ಹೊಂಗೆಯಲ್ಲಿ ಐದು ಅಥವಾ ಏಳು ಕಿರುಎಲೆ, ತುದಿಯಲ್ಲಿ ಒಂಟಿ ಎಲೆ. ಹಿಕರಿಯೂ ಹೀಗೇ. ಹೊಂಗೆಯ ಅಂಚು ನುಣುಪು, ಹಿಕರಿಯ ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲು. ಇಡೀ ಎಲೆ ಒಂದು ಅಡಿಗಿಂತಲೂ ಉದ್ದ ಬೆಳೆಯಬಹುದು. ಹಿಕರಿಯಲ್ಲೂ ಹಲವು ಬಗೆ, ಅವುಗಳ ಲೆಕ್ಕ ಹೀಗೆ. ಶ್ಯಾಗ್‌ಬಾರ್ಕ್‌ನಲ್ಲಿ ಸಾಮಾನ್ಯವಾಗಿ ಐದು ಕಿರುಎಲೆ, ತುದಿಯ ಮೂರು ಉಳಿದೆರಡಕ್ಕಿಂತ ದೊಡ್ಡವು. ಪಿಗ್‌ನಟ್‌ನಲ್ಲಿ ಐದು, ಕೆಲವೊಮ್ಮೆ ಏಳು. ಮಾಕರ್‌ನಟ್‌ನಲ್ಲಿ ಏಳರಿಂದ ಒಂಬತ್ತು. ಬಿಟರ್‌ನಟ್‌ನಲ್ಲಿ ಏಳರಿಂದ ಹನ್ನೊಂದು.

ಒಂದೇ ಎಲೆ ಎಣಿಸಿ ನಿಲ್ಲಿಸಬೇಡಿ. ಹತ್ತು ಎಲೆ ಎಣಿಸಿ, ಜಾಸ್ತಿ ಸಲ ಬಂದ ಸಂಖ್ಯೆಯನ್ನು ಹಿಡಿದುಕೊಳ್ಳಿ. ಬುಡದಲ್ಲಿ ಚಿಗುರಿದ ಕುಡಿ, ನೆರಳಲ್ಲಿ ಸೊರಗಿದ ಸಸಿ, ಇವುಗಳ ಎಲೆಯನ್ನು ನಂಬಬೇಡಿ. ಅವುಗಳಲ್ಲಿ ಲೆಕ್ಕ ಏರುಪೇರಾಗುತ್ತದೆ.

ತೊಂದರೆ: ಎಲೆ ಹಿಕರಿಯ ಹಾಗೇ ಇದೆ, ಆದರೆ ಏನೋ ಸರಿ ಇಲ್ಲ

ಫ್ಯೂಸ್ ನೋಡುವ ಹೊತ್ತು ಇದು. ಕಡ್ಡಿಯ ಮೇಲೆ ಎಲೆಗಳು ಎದುರು ಬದುರು ಜೋಡಿಯಾಗಿ ಹುಟ್ಟಿವೆಯೇ, ಅಥವಾ ಒಂದು ಎಡಕ್ಕೆ, ಇನ್ನೊಂದು ಸ್ವಲ್ಪ ಮೇಲೆ ಬಲಕ್ಕೆ ಹೀಗೆ ಹುಟ್ಟಿವೆಯೇ? ಹಿಕರಿ ಯಾವಾಗಲೂ ಎರಡನೇ ಬಗೆ. ಜೋಡಿಯಾಗಿದ್ದರೆ ಅದು ಹಿಕರಿ ಅಲ್ಲ, ಮುಂದೆ ನೋಡುವುದೇ ಬೇಡ. ಬಹುಮಟ್ಟಿಗೆ ಅದು ಆ್ಯಶ್ ಮರ. ಎಳೆಯ ಗಿಡವಾಗಿದ್ದರೆ ಬಾಕ್ಸ್ ಎಲ್ಡರ್ ಎಂಬ ಮೇಪಲ್ ಕೂಡ ಆಗಿರಬಹುದು. ಕಿರುಎಲೆಗಳು ಎದುರು ಬದುರು ಇರುವುದನ್ನು ನೋಡಿ ಮೋಸ ಹೋಗಬೇಡಿ. ಅವು ಹಿಕರಿಯಲ್ಲೂ ಎದುರು ಬದುರೇ. ನಾವು ನೋಡಬೇಕಾದ್ದು ಇಡೀ ಎಲೆ ಕಡ್ಡಿಗೆ ಅಂಟಿದ ಜಾಗ. ಜೋಡಿಯಲ್ಲಿ ಒಂದು ಮುರಿದು ಬಿದ್ದಿದ್ದರೆ ಒಂಟಿಯಾಗಿ ಕಾಣುತ್ತದೆ. ಅದಕ್ಕೇ ನಾಲ್ಕೈದು ಗಿಣ್ಣುಗಳನ್ನಾದರೂ ನೋಡಿ.

ಆ್ಯಶ್ ಮರದ ತೊಗಟೆ ಕೂಡ ದಾರಿ ತಪ್ಪಿಸುತ್ತದೆ. ಶಂಕರಪೋಳಿ ಆಕಾರದ ಗುಳಿಗಳು, ಅವುಗಳ ಸುತ್ತ ಹೆಣೆದ ಏಣುಗಳು. ಮಾಕರ್‌ನಟ್ ಹಿಕರಿಯ ತೊಗಟೆಯೂ ಹೆಚ್ಚುಕಡಿಮೆ ಇದೇ ಹೆಣಿಗೆ. ಇಬ್ಬರನ್ನೂ ತೊಗಟೆಯಿಂದ ಬೇರೆ ಮಾಡಲು ಹೊರಟರೆ ಸಂಜೆಯಾಗುತ್ತದೆ. ಕಡ್ಡಿ ನೋಡಿದರೆ ಅರ್ಧ ನಿಮಿಷ.

ಇಲ್ಲಿ ಒಂದು ದುಃಖದ ಗುರುತೂ ಇದೆ. 2002ರಲ್ಲಿ ಡೆಟ್ರಾಯಿಟ್ ಹತ್ತಿರ ಕಣ್ಣಿಗೆ ಬಿದ್ದ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಜೀರುಂಡೆ ಆಮೇಲೆ ಪೂರ್ವದ ರಾಜ್ಯಗಳಿಗೆಲ್ಲ ಹಬ್ಬಿ ಲೆಕ್ಕವಿಲ್ಲದಷ್ಟು ಆ್ಯಶ್ ಮರಗಳನ್ನು ಕೊಂದಿದೆ. ಒಣಗಿ ನಿಂತ ಮರದಲ್ಲಿ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ದುಂಡಗೆ ಇರುವ ಸಣ್ಣ ತೂತುಗಳು ಕಂಡರೆ, ತೊಗಟೆಯ ಕೆಳಗೆ ಹಾವು ಹರಿದ ಹಾಗೆ ಗೆರೆಗಳಿದ್ದರೆ, ಅದು ಆ್ಯಶ್. ಅದರ ಕೆಳಗೆ ನಿಲ್ಲಬೇಡಿ, ಕೊಂಬೆ ಯಾವಾಗ ಬೀಳುತ್ತದೋ ಹೇಳಲಾಗದು.

ತೊಂದರೆ: ಜೋಡಣೆ ಸರಿ ಇದೆ, ಕಿರುಎಲೆ ಮಾತ್ರ ಹದಿನೈದು, ಇಪ್ಪತ್ತು

ಬ್ಲ್ಯಾಕ್ ವಾಲ್‌ನಟ್ ಇರಬೇಕು. ಹಿಕರಿಗೂ ವಾಲ್‌ನಟ್‌ಗೂ ಒಂದೇ ಕುಟುಂಬ, ಆದ್ದರಿಂದ ಮೊದಲ ನೋಟಕ್ಕೆ ಎರಡೂ ಒಂದೇ ಅನ್ನಿಸುವುದು ಸಹಜ. ನೆಲಕ್ಕೆ ಬಿದ್ದ ಪೆನ್ಸಿಲ್ ದಪ್ಪದ ಕಡ್ಡಿಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ, ನಡುವಿನ ಬೆಂಡು ನೋಡಿ. ವಾಲ್‌ನಟ್‌ನ ಬೆಂಡು ಏಣಿಯ ಮೆಟ್ಟಿಲಿನ ಹಾಗೆ, ನಡುನಡುವೆ ಟೊಳ್ಳು. ಹಿಕರಿಯ ಬೆಂಡು ಗಟ್ಟಿ, ಎಲ್ಲೂ ಖಾಲಿ ಇಲ್ಲ. ಕಡ್ಡಿಯನ್ನು ಅಡ್ಡ ಕತ್ತರಿಸಿದರೆ ಈ ವ್ಯತ್ಯಾಸ ಕಾಣುವುದಿಲ್ಲ, ಉದ್ದಕ್ಕೇ ಸೀಳಬೇಕು. ಕಾಯಿಯಲ್ಲೂ ಸುಳಿವಿದೆ. ವಾಲ್‌ನಟ್‌ನ ಹಸಿರು ಸಿಪ್ಪೆ ತಾನಾಗಿ ಬಿರಿಯುವುದಿಲ್ಲ, ಕಪ್ಪಾಗಿ ಕೊಳೆಯುತ್ತದೆ. ಮುಟ್ಟಿದ ಕೈಯ ಕಂದು ಬಣ್ಣ ದಿನಗಟ್ಟಲೆ ಹೋಗುವುದಿಲ್ಲ.

ಕಿರುಎಲೆ ಇಪ್ಪತ್ತನ್ನೂ ಮೀರಿದರೆ, ಎಲೆ ಉಜ್ಜಿದಾಗ ಮುಗ್ಗಿದ ಕಡಲೆಕಾಯಿಯ ವಾಸನೆ ಬಂದರೆ, ಅದು ಟ್ರೀ ಆಫ್ ಹೆವನ್. ಚೀನಾದ ಮರ, 1784ರಲ್ಲಿ ಫಿಲಡೆಲ್ಫಿಯಾಕ್ಕೆ ತೋಟದ ಅಂದಕ್ಕೆಂದು ತಂದದ್ದು, ಈಗ ರಸ್ತೆ ಬದಿಯಲ್ಲೆಲ್ಲ ಕಳೆಯಾಗಿ ಹಬ್ಬಿದೆ. ನಮ್ಮ ಕಡೆ ಅಗರಬತ್ತಿಗೆ ಬಳಸುವ ಹಾಲುಮಡ್ಡಿ ಮರದ ದಾಯಾದಿ ಇದು. ಆ ಘಮ ಇದಕ್ಕೆ ಬಂದಿಲ್ಲ. ಹಿಕರಿ ಎಲೆ ಉಜ್ಜಿದರೆ ಖಾರ ಬೆರೆತ ಹಿತವಾದ ವಾಸನೆ. ಮಾಕರ್‌ನಟ್‌ನಲ್ಲಿ ಅದು ತುಂಬ ಜೋರು.

ಪೀಕನ್ ಕೂಡ ಒಂದು ಹಿಕರಿಯೇ, ಅದಕ್ಕೆ ಒಂಬತ್ತರಿಂದ ಹದಿನೇಳು ಕಿರುಎಲೆ. ಆದರೆ ಅದರ ತವರು ಮಿಸಿಸಿಪಿ ನದಿ ಬಯಲು. ಪೆನ್ಸಿಲ್ವೇನಿಯಾದಲ್ಲಿ ಪೀಕನ್ ಕಂಡರೆ ಯಾರೋ ನೆಟ್ಟದ್ದು.

ತೊಂದರೆ: ತೊಗಟೆ ಸುಲಿಯುತ್ತಿಲ್ಲ. ಅಥವಾ ಸುಲಿಯುತ್ತಿದೆ, ಆದರೂ ಹಿಕರಿ ಅಲ್ಲ

ಹಿಕರಿ ಎಂದರೆ ತೊಗಟೆ ಜೋತುಬಿದ್ದ ಮರ ಎಂದು ತುಂಬ ಜನ ತಿಳಿದಿದ್ದಾರೆ. ಅದು ನಿಜವಾಗುವುದು ಶ್ಯಾಗ್‌ಬಾರ್ಕ್‌ಗೆ, ಮತ್ತೆ ನದಿ ಬಯಲಿನಲ್ಲಿ ಬೆಳೆಯುವ ಅದರ ಅಕ್ಕ ಶೆಲ್‌ಬಾರ್ಕ್‌ಗೆ. ಬೆಳೆದ ಶ್ಯಾಗ್‌ಬಾರ್ಕ್ ನೋಡಿದರೆ ಮರೆಯಲಾಗದು. ಒಂದು ಅಡಿಗಿಂತ ಉದ್ದದ ಬೂದು ಪಟ್ಟಿಗಳು ನಡುವೆ ಅಂಟಿಕೊಂಡು, ಮೇಲೂ ಕೆಳಗೂ ಹೊರಕ್ಕೆ ಬಾಗಿರುತ್ತವೆ. ಪಶ್ಚಿಮ ಘಟ್ಟದ ನಂದಿ ಮರವೂ ತೊಗಟೆ ಸುಲಿಯುತ್ತದೆ, ಅಲ್ವಾ? ಅಲ್ಲಿ ಸುಲಿದ ಮೇಲೆ ಕಾಂಡ ನುಣ್ಣಗೆ, ಬೆಳ್ಳಗೆ ಹೊಳೆಯುತ್ತದೆ. ಶ್ಯಾಗ್‌ಬಾರ್ಕ್ ಎಂದೂ ನುಣುಪಾಗುವುದಿಲ್ಲ, ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ.

ಎಳೆಯ ಶ್ಯಾಗ್‌ಬಾರ್ಕ್ ಮಾತ್ರ ಸುಲಿಯುವುದಿಲ್ಲ. ನುಣುಪು ಬೂದು ಕಾಂಡ, ಉದ್ದಕ್ಕೆ ತಿಳಿ ಗೆರೆಗಳು, ಅಷ್ಟೇ. ಹತ್ತಾರು ವರ್ಷ ಕಳೆದ ಮೇಲೆ ತೊಗಟೆ ಬಿಡಿಸಿಕೊಳ್ಳುತ್ತದೆ. ಮಾಕರ್‌ನಟ್, ಬಿಟರ್‌ನಟ್ ಎಷ್ಟು ಮುದಿಯಾದರೂ ಬಿಗಿ ತೊಗಟೆಯವೇ. ಹಾಗಾಗಿ ತೊಗಟೆ ಸುಲಿದಿಲ್ಲ ಎಂಬ ಒಂದೇ ಕಾರಣಕ್ಕೆ ಹಿಕರಿ ಅಲ್ಲ ಎನ್ನಬೇಡಿ.

ಇನ್ನು ಸುಲಿಯುವ ಬೇರೆ ಮರಗಳು. ಮುದಿ ರೆಡ್ ಮೇಪಲ್ ಮತ್ತು ಸಿಲ್ವರ್ ಮೇಪಲ್ ದೂರದಿಂದ ಶ್ಯಾಗ್‌ಬಾರ್ಕ್ ಅನ್ನಿಸುತ್ತವೆ. ನಾನೇ ಒಂದು ಮೇಪಲ್ ಮರವನ್ನು ಇಡೀ ಚಳಿಗಾಲ ಹಿಕರಿ ಎಂದು ಮಕ್ಕಳಿಗೆ ತೋರಿಸಿದ್ದೆ. ವಸಂತದಲ್ಲಿ ಕೆಂಪು ಹೂ ಬಂದಾಗ ಮಗಳೇ ತಿದ್ದಿದಳು. ಅವತ್ತು ತಲೆ ಎತ್ತಿ ಕೊಂಬೆ ನೋಡಿದ್ದರೆ ಸಾಕಿತ್ತು. ಮೇಪಲ್ ಕೊಂಬೆಗಳು ಜೋಡಿ ಜೋಡಿ, ಕಡ್ಡಿಗಳು ಸಣ್ಣ. ಹಿಕರಿಯ ಕಡ್ಡಿಗಳು ಅದಕ್ಕಿಂತ ದಪ್ಪ, ತುದಿಯಲ್ಲಿ ಎದ್ದು ಕಾಣುವ ಮೊಗ್ಗು. ವೈಟ್ ಓಕ್ ಮರದ ಮೇಲ್ಭಾಗವೂ ಹಕ್ಕಳೆಯಾಗಿ ಏಳುತ್ತದೆ, ಆದರೆ ತುಣುಕುಗಳು ಚಿಕ್ಕವು. ಹಾಪ್ ಹಾರ್ನ್‌ಬೀಮ್‌ನ ತೊಗಟೆ ಬೆಕ್ಕು ಪರಚಿದ ಹಾಗೆ ಸಣ್ಣ ಎಳೆ ಎಳೆ. ಬ್ಲ್ಯಾಕ್ ಚೆರ್ರಿಯದು ಸುಟ್ಟ ಹಪ್ಪಳದ ಚೂರುಗಳನ್ನು ಅಂಟಿಸಿದಂತೆ. ಈ ಎರಡನ್ನೂ ಒಮ್ಮೆ ಹತ್ತಿರದಿಂದ ನೋಡಿದರೆ ಮತ್ತೆ ತಪ್ಪುವುದಿಲ್ಲ.

ಒಂದು ಬೇಡಿಕೆ. ಗುರುತು ಹಿಡಿಯಲೆಂದು ಶ್ಯಾಗ್‌ಬಾರ್ಕ್‌ನ ಪಟ್ಟಿ ಕೀಳಬೇಡಿ. ಅಳಿವಿನಂಚಿನಲ್ಲಿರುವ ಇಂಡಿಯಾನಾ ಬಾವಲಿ ಬೇಸಿಗೆಯಲ್ಲಿ ಆ ಪಟ್ಟಿಗಳ ಕೆಳಗೇ ಮಲಗುತ್ತದೆ, ಮರಿ ಸಾಕುತ್ತದೆ. ನಮಗೆ ಸುಮ್ನೆ ಒಂದು ತೊಗಟೆ, ಅದಕ್ಕೆ ಮನೆ.

ತೊಂದರೆ: ಎಲೆಗೂ ಕೆಳಗೆ ಬಿದ್ದ ಕಾಯಿಗೂ ತಾಳೆ ಆಗುತ್ತಿಲ್ಲ

ಕಾಡಿನಲ್ಲಿ ಕಾಯಿ ಬಿದ್ದ ಜಾಗವೇ ಮರದ ವಿಳಾಸ ಆಗಬೇಕಿಲ್ಲ. ಅಳಿಲು ಹೊತ್ತೊಯ್ಯುತ್ತದೆ, ಇಳಿಜಾರಿನಲ್ಲಿ ಉರುಳುತ್ತದೆ, ಪಕ್ಕದ ಮರದ ಕೊಂಬೆ ಇಲ್ಲಿಯವರೆಗೆ ಚಾಚಿರುತ್ತದೆ. ಒಂದೆರಡು ಕಾಯಿ ಸಿಕ್ಕರೆ ಅದು ಸಾಕ್ಷಿ ಅಲ್ಲ. ಬುಡದ ಸುತ್ತ ರಾಶಿ ಇರಬೇಕು, ಸಿಪ್ಪೆಯೂ ಇರಬೇಕು, ಸಾಧ್ಯವಾದರೆ ಬೈನಾಕ್ಯುಲರ್‌ನಲ್ಲಿ ಮರದ ಮೇಲೂ ಕಾಣಬೇಕು.

ಇಲ್ಲಿ ಒಂದು ಅಪಾಯವಿದೆ, ದಯವಿಟ್ಟು ಗಮನಿಸಿ. ಬಕ್ಐ ಮರದ ಕಾಯಿಯೂ ಸಿಪ್ಪೆ ಬಿರಿದು ಬೀಳುತ್ತದೆ. ಒಳಗೆ ಹೊಳೆಯುವ ಕಂದು ಬೀಜ, ಅದರ ಮೇಲೆ ಕಣ್ಣಿನಂತೆ ಒಂದು ಬಿಳಿಚು ಮಚ್ಚೆ. ಅದು ವಿಷ. ಉದ್ಯಾನಗಳಲ್ಲಿ ನೆಟ್ಟಿರುವ ಹಾರ್ಸ್ ಚೆಸ್ಟ್‌ನಟ್ ಕೂಡ ಹಾಗೇ. ಹಿಕರಿಯಲ್ಲಿ ಹೊರಸಿಪ್ಪೆ ತೆಗೆದರೆ ಸುತ್ತಿಗೆ ಬೇಡುವ ಮರದಂಥ ಗಟ್ಟಿ ಚಿಪ್ಪು ಸಿಗುತ್ತದೆ, ಅದರೊಳಗೆ ವಾಲ್‌ನಟ್‌ನಂತೆ ಮಡಿಕೆ ಮಡಿಕೆಯ ತಿರುಳು. ಬಕ್ಐನಲ್ಲಿ ಆ ಚಿಪ್ಪು ಇಲ್ಲ, ಬೀಜದ ಸಿಪ್ಪೆಯನ್ನು ಚಾಕುವಿನಿಂದಲೇ ಕೊಯ್ಯಬಹುದು. ಎಲೆ ಇದ್ದರಂತೂ ಅನುಮಾನವೇ ಬೇಡ. ಬಕ್ಐ ಎಲೆ ನಮ್ಮ ಬೂರುಗದ ಎಲೆಯಂತೆ ಅಂಗೈಯಿಂದ ಬೆರಳು ಹರಡಿದ ಹಾಗಿರುತ್ತದೆ. ವಾಲ್‌ನಟ್ ಅಲರ್ಜಿ ಇರುವವರು ಹಿಕರಿಯನ್ನೂ ತಿನ್ನಬಾರದು.

ತೊಂದರೆ: ಹಿಕರಿ ಹೌದು, ಆದರೆ ಯಾವುದು?

ನಮ್ಮ ಪಾಯಸ ಕೆಟ್ಟದ್ದು ಇಲ್ಲಿ. ನಾನು ನಾಲ್ಕು ಎಂದಷ್ಟೇ ನೋಡಿದ್ದೆ, ಎಲ್ಲಿಯವರೆಗೆ ಬಿರಿದಿದೆ ಎಂದು ನೋಡಿರಲಿಲ್ಲ. ಬಿಟರ್‌ನಟ್‌ನ ಸಿಪ್ಪೆ ತೆಳು. ತುದಿಯಿಂದ ನಡುವಿನವರೆಗೆ ನಾಲ್ಕು ಸಣ್ಣ ರೆಕ್ಕೆಯಂಥ ಏಣು, ಬಿರಿಯುವುದೂ ಹೆಚ್ಚಾಗಿ ಅಲ್ಲಿಯವರೆಗೆ ಮಾತ್ರ. ಶ್ಯಾಗ್‌ಬಾರ್ಕ್‌ನ ಸಿಪ್ಪೆ ದಪ್ಪ, ಬುಡದವರೆಗೂ ಬಿರಿದು ನಾಲ್ಕು ಹೋಳು ಬೇರೆ ಬೇರೆಯಾಗಿ ಬೀಳುತ್ತವೆ. ಮಾಕರ್‌ನಟ್‌ನಲ್ಲೂ ಸಿಪ್ಪೆ ದಪ್ಪ, ಚಿಪ್ಪು ಇನ್ನೂ ದಪ್ಪ, ಒಳಗೆ ತಿರುಳು ಚೂರೇ ಚೂರು. ಪಿಗ್‌ನಟ್ ಪುಟ್ಟ ಪೇರ್ ಹಣ್ಣಿನ ಆಕಾರ, ತೆಳು ಸಿಪ್ಪೆ, ಬಿರಿದರೂ ಅರ್ಧಂಬರ್ಧ. ಚಿಪ್ಪು ಸುಲಭವಾಗಿ ಒಡೆದಾಗ ನಾವು ಖುಷಿಪಟ್ಟೆವು. ನಿಜವಾಗಿ ಅದೇ ಎಚ್ಚರಿಕೆಯ ಗಂಟೆ ಆಗಿತ್ತು.

ಕಾಯಿಗಿಂತಲೂ ನಾನು ನಂಬುವುದು ಮೊಗ್ಗನ್ನು. ಬೇಸಿಗೆಯ ಕೊನೆಯಿಂದ ಏಪ್ರಿಲ್‌ವರೆಗೂ ಮೊಗ್ಗು ಕಡ್ಡಿಯ ಮೇಲೇ ಇರುತ್ತದೆ, ಎಲೆ ಉದುರಿದರೂ ಸರಿ. ಬಿಟರ್‌ನಟ್‌ನ ಮೊಗ್ಗು ಅರಿಶಿನ ಹಚ್ಚಿದ ಹಾಗೆ ಹಳದಿ. ಈ ಸುತ್ತಿನ ಕಾಡಿನಲ್ಲಿ ಅಂಥ ಮೊಗ್ಗು ಇನ್ನಾವ ಮರಕ್ಕೂ ಇಲ್ಲ. ಅವತ್ತು ಒಂದೇ ಒಂದು ಕಡ್ಡಿ ಬಗ್ಗಿಸಿ ನೋಡಿದ್ದರೆ ಸಾಕಿತ್ತು. ಶ್ಯಾಗ್‌ಬಾರ್ಕ್‌ನ ತುದಿಮೊಗ್ಗು ದೊಡ್ಡದು, ಹೊರಗಿನ ಕಂದು ಪದರಗಳು ಸಡಿಲವಾಗಿ ಚಳಿಗಾಲವೆಲ್ಲ ಅಂಟಿಕೊಂಡಿರುತ್ತವೆ. ಮಾಕರ್‌ನಟ್‌ದೂ ದೊಡ್ಡದೇ, ಆದರೆ ಅದು ಶರತ್ಕಾಲದಲ್ಲೇ ಹೊರಪದರ ಕಳಚಿ, ರೇಷ್ಮೆ ಮುಟ್ಟಿದಂಥ ಬಿಳಿಚು ಮೊಗ್ಗಾಗಿ ನಿಲ್ಲುತ್ತದೆ. ಪಿಗ್‌ನಟ್‌ನ ಮೊಗ್ಗು ಚಿಕ್ಕದು, ಕಡ್ಡಿಯೂ ಸಣ್ಣ.

ಎಲೆ ಇರುವಾಗ ಇನ್ನೂ ಎರಡು ಪರೀಕ್ಷೆ ಮಾಡಬಹುದು. ಎಲೆಯ ದಂಟನ್ನು ಬೆರಳಿನಿಂದ ಸವರಿ. ದಂಟಿನ ಉದ್ದಕ್ಕೂ ತುಪ್ಪಳ ಇದ್ದರೆ ಮಾಕರ್‌ನಟ್, ನುಣ್ಣಗಿದ್ದರೆ ಪಿಗ್‌ನಟ್ ಕಡೆ ವಾಲಿ. ಭೂತಗನ್ನಡಿ ಇದ್ದರೆ ಕಿರುಎಲೆಯ ಅಂಚು ನೋಡಿ. ಗರಗಸದ ಹಲ್ಲುಗಳ ಪಕ್ಕ ಸಣ್ಣ ಕೂದಲಿನ ಗೊಂಚಲು ಇದ್ದರೆ ಅದು ಶ್ಯಾಗ್‌ಬಾರ್ಕ್. ತೊಗಟೆ ಇನ್ನೂ ಸುಲಿಯದ ಎಳೆಯ ಮರವನ್ನು ನಾನು ಹಿಡಿಯುವುದು ಈ ಗುರುತಿನಿಂದಲೇ.

ತೊಂದರೆ: ಎಲ್ಲ ಮೇಲಿದೆ, ಕೈಗೆ ಏನೂ ಸಿಗುತ್ತಿಲ್ಲ

ಇಪ್ಪತ್ತೈದು ಮೀಟರ್ ಎತ್ತರದ ಮರದಲ್ಲಿ ಮೊದಲ ಕೊಂಬೆಯೇ ತಲೆಯಿಂದ ಎಷ್ಟೋ ಮೇಲಿರುತ್ತದೆ. ಗಾಳಿಮಳೆ ಬಂದ ಮರುದಿನ ಹೋಗಿ. ಸೆಪ್ಟೆಂಬರ್‌ನಲ್ಲಿ ಅಳಿಲುಗಳೇ ಎಲೆ, ಕಾಯಿ ಸಮೇತ ಕಡ್ಡಿ ಕಡಿದು ಬೀಳಿಸುತ್ತವೆ. ಅಂಥ ಒಂದು ಕಡ್ಡಿ ಸಿಕ್ಕಿದರೆ ಜೋಡಣೆ, ಬೆಂಡು, ಮೊಗ್ಗು, ಕಾಯಿ ಎಲ್ಲ ಒಂದೇ ಕಡೆ ಸಿಕ್ಕಿದ ಹಾಗೆ. ಚಳಿಗಾಲದಲ್ಲಿ ಎಲೆ ಉದುರಿದ ಕಲೆ ನೋಡಿ. ಹಿಕರಿಯದು ದೊಡ್ಡದು, ಹೃದಯದ ಆಕಾರ ಅಥವಾ ಮೂರು ಮೂಲೆ.

ಫೋನಿನ ಆ್ಯಪ್ ತಪ್ಪು ಹೆಸರು ಹೇಳುತ್ತಿದ್ದರೆ ಫೋಟೋ ನೋಡಿಕೊಳ್ಳಿ. ಒಂದೇ ಕಿರುಎಲೆಯ ಫೋಟೋ ಹಾಕಿದರೆ ಆ್ಯಪ್ ಅದನ್ನೇ ಇಡೀ ಎಲೆ ಎಂದು ತಿಳಿಯುತ್ತದೆ. ಕಡ್ಡಿ ಸೇರುವ ಜಾಗ ಸಮೇತ ಇಡೀ ಎಲೆ, ಮೊಗ್ಗು, ಕಾಯಿ, ತೊಗಟೆ, ಇವು ಬೇರೆ ಬೇರೆ ಫೋಟೋ ಆಗಲಿ.

ಮುಂದಿನ ವರ್ಷ ಅಮ್ಮನಿಗೆ ಶ್ಯಾಗ್‌ಬಾರ್ಕ್ ಕಾಯಿಯೇ ಸಿಕ್ಕಿತು. ಪಾರ್ಕಿನಲ್ಲಿ ಕಾಯಿ ಆರಿಸಲು ಬಿಡುತ್ತಾರೆಯೇ ಎಂದು ಮೊದಲು ಕೇಳಿಕೊಂಡೆವು, ನಿಯಮ ಒಂದೊಂದು ಕಡೆ ಒಂದೊಂದು ಥರ. ಮನೆಗೆ ತಂದು ಬಕೆಟ್ ನೀರಿಗೆ ಹಾಕಿದೆವು. ತೇಲಿದವನ್ನು ಎಸೆದೆವು, ಅವುಗಳಲ್ಲಿ ಹೆಚ್ಚಿನವು ಹುಳ ತಿಂದವು, ಇಲ್ಲವೇ ಜೊಳ್ಳು. ಒಂದನ್ನು ಒಡೆದು ತಿಂದು ನೋಡಿಯೇ ಉಳಿದವನ್ನು ಎತ್ತಿಟ್ಟೆವು. ವರ್ಜೀನಿಯಾದ ಮೂಲನಿವಾಸಿಗಳಾದ ಪೌಹಟನ್ ಜನ ಹಿಂದೆ ಹಿಕರಿ ಕಾಯನ್ನು ಚಿಪ್ಪಿನ ಸಮೇತ ಕುಟ್ಟಿ, ನೀರಿನಲ್ಲಿ ಕಲಸಿ ಹಾಲು ತೆಗೆಯುತ್ತಿದ್ದರು. ಆ ಹಾಲಿಗೆ ಅವರಿಟ್ಟ ಹೆಸರಿನಿಂದಲೇ ಹಿಕರಿ ಎಂಬ ಮಾತು ಬಂದದ್ದು. ಅಮ್ಮನಿಗೆ ಇದನ್ನು ಹೇಳಿದೆ. "ಕಾಯಿಹಾಲು ಹಿಂಡಿದ ಹಾಗೇ ಅಲ್ವೇನೋ" ಎಂದರು. ಹಾಗೇ ಕುಟ್ಟಿ, ಸೋಸಿ, ಆ ಹಾಲಿನಲ್ಲೇ ಪಾಯಸ ಮಾಡಿದರು.

ತೊಂದರೆ: ಎಲ್ಲ ನೋಡಿದೆ, ಆದರೂ ಯಾವುದಕ್ಕೂ ಪೂರ್ತಿ ಹೊಂದುತ್ತಿಲ್ಲ

ನಮ್ಮ ದಾರಿಯ ತಿರುವಿನಲ್ಲಿ ಅಂಥ ಒಂದು ಮರವಿದೆ. ಹಿಕರಿಗಳು ತಮ್ಮತಮ್ಮಲ್ಲೇ ಬೆರೆಯುತ್ತವೆ, ಹಾಗಾಗಿ ನಡುವಿನ ಗುಣದ ಮರಗಳು ಇದ್ದೇ ಇರುತ್ತವೆ. ಪಿಗ್‌ನಟ್ ಮತ್ತು ರೆಡ್ ಹಿಕರಿ ನಡುವೆಯಂತೂ ಗೆರೆ ಎಳೆಯುವುದು ಬಲ್ಲವರಿಗೇ ಕಷ್ಟ. ರೆಡ್ ಹಿಕರಿಗೆ ಸಾಮಾನ್ಯವಾಗಿ ಏಳು ಕಿರುಎಲೆ, ದಂಟು ಕೆಂಪು, ಸಿಪ್ಪೆ ಬುಡದವರೆಗೂ ಬಿರಿಯುತ್ತದೆ. ನಮ್ಮ ತಿರುವಿನ ಮರಕ್ಕೆ ದಂಟು ಕೆಂಪು, ಆದರೆ ಹತ್ತರಲ್ಲಿ ಆರು ಎಲೆಗೆ ಐದೇ ಕಿರುಎಲೆ. ನನ್ನ ಪುಸ್ತಕದಲ್ಲಿ ಅದಕ್ಕೆ ಹಿಕರಿ ಎಂದಷ್ಟೇ ಬರೆದು, ಪಕ್ಕದ ಜಾಗ ಖಾಲಿ ಬಿಟ್ಟಿದ್ದೇನೆ. ಹೋದ ವರ್ಷ ಅದು ಕಾಯಿ ಬಿಡಲಿಲ್ಲ. ಈ ಸೆಪ್ಟೆಂಬರ್‌ನಲ್ಲಿ ಬಿಟ್ಟರೆ ಸಿಪ್ಪೆ ಎಲ್ಲಿಯವರೆಗೆ ಬಿರಿಯುತ್ತದೆ ಎಂದು ನೋಡಿ ಬರೆಯಬೇಕು.